ರೈಟರು ಗಿರಿ ಹತ್ತಿದ ವರ್ಷ: ಒಂದು ಪ್ರಕರಣ ಅಧ್ಯಯನ

ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಹಾಜರಿ ಹಾಕಿ, ಬಟವಾಡೆಯ ಲೆಕ್ಕ ಬರೆಯುವವರಿಗೆ ರೈಟರು ಅಂತಾರೆ. ಈ ಬರಹದ ವ್ಯಕ್ತಿಗೆ ಆ ಹೆಸರೇ ಸಾಕು. ಊರು, ವಯಸ್ಸು, ಮನೆಯವರ ವಿವರಗಳಲ್ಲಿ ಕೆಲವನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರೂ ಅವರ ಹೆಂಡತಿಯೂ ಒಪ್ಪಿದ್ದಾರೆ. ಕರಡನ್ನು ಓದಿ ಕೇಳಿಸಿದಾಗ ರೈಟರು ಹೇಳಿದ ತಿದ್ದುಪಡಿ ಒಂದೇ: "ನಾನು ಇಷ್ಟೆಲ್ಲ ಮಾತಾಡಿಲ್ಲ ಸಾರ್." ನಿಜ. ಹದಿಮೂರು ತಿಂಗಳಲ್ಲಿ ಅವರು ಆಡಿದ ಮಾತನ್ನೆಲ್ಲ ಕೂಡಿಸಿದರೂ ನಾಲ್ಕು ಪುಟ ಆದೀತೋ ಇಲ್ಲವೋ.

ನಾನು ಆಪ್ತಸಮಾಲೋಚಕ, ಪೇಟೆಯಲ್ಲಿ ಸಣ್ಣದೊಂದು ಕೋಣೆ ಇಟ್ಟುಕೊಂಡಿದ್ದೇನೆ. ಬೆಟ್ಟ ಹತ್ತಿ ದುಃಖ ಕಳೆದುಕೊಂಡವರ ಕಥೆಗಳು ನನ್ನ ಕಿವಿಗೂ ಬೇಕಾದಷ್ಟು ಬಿದ್ದಿವೆ. ಅವು ಹೇಳುವುದು ಅರ್ಧ ಮಾತ್ರ. ಇನ್ನರ್ಧ ಈ ಪ್ರಕರಣದಲ್ಲಿ ನನಗೆ ಕಂಡಿತು, ಅದೂ ತಡವಾಗಿ.

ಹಿನ್ನೆಲೆ

ರೈಟರಿಗೆ ಆಗ 48. ಹುಟ್ಟಿದ್ದು ಕಡೂರು ಕಡೆಯ ಬಯಲುಸೀಮೆಯಲ್ಲಿ. ಇಪ್ಪತ್ತರ ವಯಸ್ಸಿಗೆ ಮುಳ್ಳಯ್ಯನಗಿರಿ ಸಾಲಿನ ಬುಡದ ತೋಟವೊಂದಕ್ಕೆ ಬಂದವರು ಅಲ್ಲೇ ಉಳಿದರು. ಮಗಳಿಗೆ ಮದುವೆಯಾಗಿದೆ. ಮಗ ಡಿಪ್ಲೊಮಾ ಓದುತ್ತಿದ್ದ. ಫೆಬ್ರವರಿಯಲ್ಲಿ, ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿದ್ದಾಗ, ರಾತ್ರಿ ಪೇಟೆಯಿಂದ ತೋಟಕ್ಕೆ ಬರುವ ದಾರಿಯ ತಿರುವೊಂದರಲ್ಲಿ ಅವನ ಬೈಕ್ ಜಾರಿತು. 19 ವರ್ಷ. ಬೈಕ್ ಸಾಲ ಮಾಡಿ ಕೊಡಿಸಿದ್ದು ಅಪ್ಪ. ಬೇಡ ಅಂದಿದ್ದು ಅಮ್ಮ.

ಈ ಕೊನೆಯ ಎರಡು ವಾಕ್ಯ ನನಗೆ ಸಿಕ್ಕಿದ್ದು ಅವರು ನನ್ನ ಹತ್ತಿರ ಬರತೊಡಗಿ ನಾಲ್ಕೈದು ತಿಂಗಳಾದ ಮೇಲೆ. ಮೊದಲೇ ಸಿಕ್ಕಿದ್ದರೆ ಮುಂದಿನ ಎಷ್ಟೋ ತಪ್ಪು ತಪ್ಪುತ್ತಿತ್ತು.

ಅವರು ನನ್ನ ಹತ್ತಿರ ಬಂದದ್ದು ಅಕ್ಟೋಬರ್‌ನಲ್ಲಿ, ಮಗ ತೀರಿ ಎಂಟು ತಿಂಗಳಿಗೆ. ದುಃಖ ಅಂತ ಬಂದವರಲ್ಲ, ಎದೆನೋವು ಅಂತ ಬಂದವರು. ಮೂರು ಸಲ ರಾತ್ರೋರಾತ್ರಿ ಸಾಹುಕಾರರ ಜೀಪಿನಲ್ಲಿ ಆಸ್ಪತ್ರೆಗೆ ಹೋಗಿದ್ದರು. ಎದೆ ಹಿಡಿದುಕೊಂಡಂತೆ, ಕೈಕಾಲು ತಣ್ಣಗಾದಂತೆ, ಈಗ ಹೋದೆ ಅನ್ನುವಂತೆ. ಮೂರು ಸಲವೂ ಇಸಿಜಿ ಸರಿಯಾಗಿತ್ತು. ಮೂರನೆಯ ಸಲ ನೋಡಿದ ವೈದ್ಯರು ಪುಣ್ಯಾತ್ಮರು, ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸದೆ ಮನೆಯಲ್ಲಿ ಏನಾಗಿದೆ ಎಂದು ಕೇಳಿದರು.

ನಿದ್ದೆ ಎರಡು ಗಂಟೆ. ಊಟ ಹೊಟ್ಟೆಗೆ ಇಳಿಯುತ್ತಿರಲಿಲ್ಲ. ಸಂಜೆಗೊಂದು ಕ್ವಾರ್ಟರ್ ಅಭ್ಯಾಸವಾಗಿತ್ತು. ಬಟವಾಡೆ ಲೆಕ್ಕದಲ್ಲಿ ಇಪ್ಪತ್ತು ವರ್ಷ ಒಂದು ರೂಪಾಯಿ ತಪ್ಪದವರು ಎರಡು ಸಲ ತಪ್ಪು ಮಾಡಿದ್ದರು. ಅವರಿಗೆ ಅದೇ ದೊಡ್ಡ ಅವಮಾನವಾಗಿತ್ತು. ಮಗನ ಬಗ್ಗೆ ಕೇಳಿದರೆ, "ಪುತ್ರಶೋಕ ನಿರಂತರ ಅಂತ ಎಲ್ಲರೂ ಹೇಳಿದಾರೆ, ಇನ್ನೇನಿದೆ ಹೇಳಕ್ಕೆ" ಎನ್ನುತ್ತಿದ್ದರು. ಸಾಂತ್ವನ ಹೇಳಲು ಬಂದವರ ಆ ಒಂದು ಗಾದೆ ಈ ಮನುಷ್ಯನ ಬಾಯಿಗೆ ಬೀಗ ಹಾಕಿತ್ತು.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 18 ಬಂತು. 15ರಿಂದ 19 ಎಂದರೆ ತೀವ್ರಕ್ಕೆ ಒಂದು ಮೆಟ್ಟಿಲು ಕೆಳಗೆ. ದುಃಖವನ್ನೇ ಕಾಯಿಲೆ ಎಂದು ಗುರುತಿಸುವ ಹೊಸ ಪಟ್ಟಿಯೂ ಇದೆ: ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲಿ ಅದಕ್ಕೆ ಕನಿಷ್ಠ ಆರು ತಿಂಗಳ ಗಡುವು, ಅಮೆರಿಕದವರ ಡಿಎಸ್‌ಎಂ-5-ಟಿಆರ್‌ನಲ್ಲಿ ದೊಡ್ಡವರಿಗೆ ಒಂದು ವರ್ಷ. ವರ್ಷದ ತಿಥಿ ಕಳೆಯುವವರೆಗೆ ಹಬ್ಬವನ್ನೇ ಮಾಡದ ಮನೆಯವರಿಗೆ, ಎಂಟನೇ ತಿಂಗಳಲ್ಲಿ ಇದು ಕಾಯಿಲೆ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಖಿನ್ನತೆ ಮತ್ತು ಪ್ಯಾನಿಕ್ (ತಟ್ಟನೆ ಮೇಲೇರುವ ವಿಪರೀತ ಭಯ) ಎಂದಷ್ಟೇ ಬರೆದುಕೊಂಡೆ.

ಔಷಧಿ ಕೋಣೆಯ ಬೀಗ

ಆ ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. "ಕೆಲವು ದಿನ" ಎಂಬಲ್ಲಿ ಗುರುತು ಹಾಕಿದ್ದರು. ಸುತ್ತಿಬಳಸದೆ ನೇರವಾಗಿ ಕೇಳಿದೆ. "ಮಾಡ್ಕೊಳಲ್ಲ ಸಾರ್. ಬೆಳಗ್ಗೆ ಏಳದೇ ಇದ್ರೆ ಸಾಕು ಅನ್ಸುತ್ತೆ, ಅಷ್ಟೆ" ಎಂದರು. ಅಷ್ಟೆ ಎಂಬುದು ಅಷ್ಟೆ ಅಲ್ಲ. ತೋಟದ ಕೀಟನಾಶಕ ಇಡುವ ಔಷಧಿ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿದೆ. ಅವರು ಜೇಬು ಮುಟ್ಟಿಕೊಂಡರು.

ಬೀಗದ ಕೈ ಬೇರೆಯವರಿಗೆ ಕೊಡುವುದು ಅವರಿಗೆ ಕೆಲಸದಿಂದ ಅರ್ಧ ತೆಗೆದಂತೆ. ವಾದ ಮಾಡಿದರು, ಸುಮ್ಮನಾದರು, ಕೊನೆಗೆ ಸಾಹುಕಾರರಿಗೆ ಫೋನ್ ಮಾಡಲು ಒಪ್ಪಿದರು. ಸಂಜೆಯೊಳಗೆ ಬೀಗದ ಕೈ ಮೇಸ್ತ್ರಿಯ ಕೈ ಸೇರಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲೂ ಹೆಂಡತಿಯ ಫೋನಿನಲ್ಲೂ ಹಾಕಿಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕಾಫಿ ಸೀಮೆಯಲ್ಲಿ ಕೆಲಸ ಮಾಡುವ ನನ್ನ ಜೊತೆಯವರಿಗೆ ಇದೊಂದು ಮಾತು: ಬೆಟ್ಟ, ಉಸಿರಾಟ, ಧ್ಯಾನ ಎಲ್ಲ ಆಮೇಲೆ, ಔಷಧಿ ಕೋಣೆಯ ಕೀ ಎಲ್ಲಿದೆ ಎಂದು ಮೊದಲ ದಿನವೇ ಕೇಳಿ.

ಮನೋವೈದ್ಯರು ನವೆಂಬರ್‌ನಲ್ಲಿ ಎಸ್‌ಎಸ್‌ಆರ್‌ಐ ಗುಂಪಿನ, ಖಿನ್ನತೆಗೂ ಪ್ಯಾನಿಕ್‌ಗೂ ಕೊಡುವ ಮಾತ್ರೆ ಶುರು ಮಾಡಿದರು. ರೈಟರು ಹಾಸನಕ್ಕೆ ಹೋಗಿ ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿಕೊಂಡು ಬಂದರು. ಹೃದಯ ಗಟ್ಟಿಯಾಗಿತ್ತು. ರಕ್ತದೊತ್ತಡ ತುಸು ಜಾಸ್ತಿ, ಥೈರಾಯ್ಡು, ಸಕ್ಕರೆ, ಹಿಮೋಗ್ಲೋಬಿನ್ ಸರಿ.

ಮೊದಲ ತಪ್ಪು ನನ್ನದು

ಗಿರಿಯ ಮಾತು ತೆಗೆದದ್ದು ಅವರೇ. ಮೂರನೆಯ ಭೇಟಿಯಲ್ಲಿ ಕಿಟಕಿಯ ಆಚೆ ನೋಡುತ್ತ, "ಅವನು ಭಾನುವಾರ ಆದ್ರೆ ಗಿರಿ ಹತ್ತೋನು. ನಾನು ಇಪ್ಪತ್ತೆಂಟು ವರ್ಷದಿಂದ ಅದರ ಬುಡದಲ್ಲೇ ಇದ್ದೀನಿ. ಗಾಡಿ ಹೋಗೋ ಕಡೆ ಬಿಟ್ಟು ಕಾಲಲ್ಲಿ ಹತ್ತೇ ಇಲ್ಲ. ಬೆಟ್ಟ ಹತ್ತೋದು ಪೇಟೆಯವರ ಚಟ ಅಂತಿದ್ದೆ" ಎಂದರು. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ರಜೆ ಬಂದರೆ ಬೆಂಗಳೂರಿನ ಕಾರುಗಳ ಸಾಲು ಕೈಮರದಿಂದಲೇ ನಿಲ್ಲುತ್ತದೆ. ಬುಡದಲ್ಲಿ ಇರುವವರು ಅದನ್ನು ಮಳೆ ಬರುತ್ತಾ ಇಲ್ಲವಾ ಎಂದು ತಿಳಿಯಲು ನೋಡುತ್ತಾರೆ, ಅಷ್ಟೇ.

ನನಗೆ ಆ ಮಾತು ಸಾಕಾಯಿತು. ಮಗನ ದಾರಿಯಲ್ಲಿ ಅಪ್ಪ ನಡೆದರೆ ಏನಾದರೂ ಕರಗೀತು ಎಂದುಕೊಂಡೆ. ಈಗ ಯೋಚಿಸಿದರೆ ಅದು ಸಿನಿಮಾ ನೋಡಿ ಬರುವ ಯೋಚನೆ. ಡಿಸೆಂಬರ್‌ನ ಒಂದು ಭಾನುವಾರ, ಪರಿಚಯದ ಒಂದು ಚಾರಣ ತಂಡದ ಜೊತೆ ಮುಳ್ಳಯ್ಯನಗಿರಿ ಹತ್ತುವ ಕಾಲುದಾರಿ ಸರ್ಪದಾರಿಯಲ್ಲಿ ಕಳಿಸಿದೆ. ನಾನು ಜೊತೆಗೆ ಹೋಗಲಿಲ್ಲ.

ತಂಡದಲ್ಲಿ ಹದಿನೆಂಟು ಜನ, ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಯಾರದೋ ಬ್ಯಾಗಿನಲ್ಲಿ ಸ್ಪೀಕರ್. "ಅಂಕಲ್, ಒಂದು ಫೋಟೋ ತೆಗೀರಿ" ಎಂದು ಹುಡುಗನೊಬ್ಬ ಫೋನು ಕೊಟ್ಟ. ಆ ಫೋನಿನ ಪರದೆಯ ಚೌಕಟ್ಟಿನೊಳಗೆ ಐದಾರು ಹುಡುಗರು ಹೆಗಲ ಮೇಲೆ ಕೈ ಹಾಕಿ ನಿಂತಿದ್ದನ್ನು ಕಂಡದ್ದೇ ರೈಟರು ಹುಲ್ಲಿನ ಮೇಲೆ ಕುಸಿದರು. ಹುಡುಗರು ಗಾಬರಿಯಾಗಿ ಹೊತ್ತು ಇಳಿಸಿದರು. ಮತ್ತೆ ಜೀಪು, ಮತ್ತೆ ಇಸಿಜಿ, ಮತ್ತೆ ಸರಿ. "ಇನ್ನು ಬೆಟ್ಟ ಬೇಡ ಸಾರ್" ಎಂದು ಫೋನಿನಲ್ಲಿ ಹೇಳಿ ಎರಡು ವಾರ ಬರಲಿಲ್ಲ.

ತಪ್ಪು ಎಲ್ಲಿತ್ತು ಎಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಮಗನ ಓರಗೆಯವರ ಗುಂಪು, ಜನಜಂಗುಳಿಯ ದಿನ, ಮೊದಲ ಸಲಕ್ಕೇ ಕಡಿದಾದ ದಾರಿ, ಮೇಲಾಗಿ ನಾನಿಲ್ಲ. ಒಂದನ್ನಾದರೂ ಬಿಡಬಹುದಿತ್ತು. ಎರಡು ವಾರ ಬಿಟ್ಟು ತೋಟಕ್ಕೇ ಹೋಗಿ ಕ್ಷಮೆ ಕೇಳಿದೆ. ಅವರಿಗೆ ಅದು ಮುಜುಗರವಾಯಿತು. ಕಾಫಿ ಕೊಟ್ಟರು.

ಹಾಜರಿ ಪುಸ್ತಕ

ಆ ದಿನ ಕಣದ ಪಕ್ಕ ಕೂತು ಬೇರೆಯೇ ಒಂದು ಮಾತಾಡಿದೆವು. ಮಗನನ್ನು ಬಿಟ್ಟು, ಎದೆಬಡಿತದ ಬಗ್ಗೆ.

ಡೇವಿಡ್ ಕ್ಲಾರ್ಕ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1986ರಲ್ಲಿ ಪ್ಯಾನಿಕ್ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಸುತ್ತನ್ನು ಬರೆದುಕೊಟ್ಟ. ಯಾವುದೋ ಕಾರಣಕ್ಕೆ ಎದೆ ಜೋರಾಗಿ ಬಡಿಯುತ್ತದೆ. ಮನಸ್ಸು ಅದನ್ನು "ಸಾಯುತ್ತಿದ್ದೇನೆ" ಎಂದು ಓದಿಕೊಳ್ಳುತ್ತದೆ. ಆ ಓದಿನಿಂದ ಭಯ, ಭಯದಿಂದ ಇನ್ನೂ ಜೋರು ಬಡಿತ, ಬಡಿತದಿಂದ ಇನ್ನೂ ಗಟ್ಟಿಯಾದ ಓದು. ಈ ಸುತ್ತಿನಲ್ಲಿ ಸಿಕ್ಕವರು ಎದೆ ಬಡಿಯುವ ಕೆಲಸವನ್ನೇ ಬಿಡುತ್ತ ಹೋಗುತ್ತಾರೆ. ರೈಟರು ಆಗಲೇ ಮೇಲಿನ ಬ್ಲಾಕಿಗೆ ಹಾಜರಿ ಹಾಕಲು ಹೋಗುವುದನ್ನು ಬಿಟ್ಟು ಮೇಸ್ತ್ರಿಯನ್ನು ಕಳಿಸುತ್ತಿದ್ದರು. ಬಿಟ್ಟಷ್ಟೂ ಭಯಕ್ಕೆ ಮೇವು.

ಇದನ್ನು ಬಿಚ್ಚುವ ದಾರಿ ಎಂದರೆ, ಬೇಕೆಂದೇ ಎದೆ ಬಡಿಯುವಂತೆ ಮಾಡಿಕೊಂಡು, ಓಡಿಹೋಗದೆ, ಅದು ತಾನಾಗಿ ಇಳಿಯುವುದನ್ನು ನೋಡುವುದು. ಚಿಕಿತ್ಸಾ ಕೊಠಡಿಗಳಲ್ಲಿ ನಿಂತಲ್ಲೇ ಓಡಿಸಿ, ಮೆಟ್ಟಿಲು ಹತ್ತಿಸಿ ಇದನ್ನು ಮಾಡಿಸುತ್ತಾರೆ. ನಮ್ಮಲ್ಲಿ ಮೆಟ್ಟಿಲಿಗೆ ಬರವಿಲ್ಲ. ಏರು ಎಂಬುದು ಎದೆಬಡಿತಕ್ಕೆ ಒಂದು ನಿರಪರಾಧಿ ಕಾರಣ ಕೊಡುತ್ತದೆ, ಈ ಮನುಷ್ಯನಿಗೆ ಬೆಟ್ಟ ಒಗ್ಗಿದ್ದು ಮೊದಲು ಆ ಕಾರಣಕ್ಕೆ. ಪ್ರಕೃತಿ ಸೌಂದರ್ಯ, ಮೋಡ, ಸೂರ್ಯೋದಯದ ಪಾತ್ರ ಎಷ್ಟೋ ನನಗೆ ಗೊತ್ತಿಲ್ಲ. ಅವರು ಒಂದು ಸಲವೂ ಅದರ ಮಾತೆತ್ತಲಿಲ್ಲ.

ಬರೆದಿಡಿ ಎಂದೆ. ಬರೆಯುವುದು ಅವರ ಕಸುಬು. ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದು, ಸ್ಕೇಲು ಹಿಡಿದು ಕೆಂಪು ಗೆರೆ ಎಳೆದರು: ತಾರೀಕು, ಜಾಗ, ನಾಡಿ, ಭಯ ಹತ್ತಕ್ಕೆ ಎಷ್ಟು, ಇಳಿಯಲು ಹಿಡಿದ ನಿಮಿಷ, ಷರಾ. ಜನವರಿಯ ಮೊದಲ ಸಾಲು: ಕಣದಿಂದ ಮೇಲಿನ ಗೇಟು, ನಾಡಿ 118, ಭಯ 6, 9 ನಿಮಿಷ. ಷರಾ: ಇಲ್ಲ. ದಿನ ಬಿಟ್ಟು ದಿನ ಒಂದು ಏರು. ಗೇಟಿನಿಂದ ಮೇಲಿನ ಬ್ಲಾಕು, ಅಲ್ಲಿಂದ ಸಿಲ್ವರ್ ಓಕ್ ಸಾಲಿನ ತುದಿ. ಅರೇಬಿಕಾ ಕೊಯ್ಲಿನ ಹೆಣ್ಣಾಳುಗಳು, "ರೈಟ್ರು ಯಾಕೆ ಮೇಲೆ ಕೆಳಗೆ ಓಡಾಡ್ತಾರೆ" ಎಂದು ನಕ್ಕಿದ್ದೂ ದಾಖಲಾಗಿದೆ.

ತಿಂಗಳ ಕೊನೆಯ ಮಂಗಳವಾರ ಬೆಳಗ್ಗೆ ಇಬ್ಬರೂ ಮುಳ್ಳಯ್ಯನಗಿರಿಗೆ ಹೋದೆವು. ಗಾಡಿ ನಿಲ್ಲಿಸಿದ ಜಾಗದಿಂದ ತುದಿಯ ಗುಡಿಗೆ ನಾಲ್ಕೈದು ನೂರು ಮೆಟ್ಟಿಲು. ಜನ ಇರಲಿಲ್ಲ, ಗಾಳಿ ವಿಪರೀತ. ಅರ್ಧಕ್ಕೂ ಮುಂಚೆ ಅವರು ನಿಂತರು. ಮುಖ ಬೂದಿಯಾಗಿತ್ತು. "ಬಂತು ಸಾರ್."

ಇಡೀ ಪ್ರಕರಣದಲ್ಲಿ ನನ್ನ ಎದೆಯೂ ಬಡಿದುಕೊಂಡ ಕ್ಷಣ ಅದು. ಇಳಿದುಬಿಡೋಣ ಎನ್ನುವುದು ಬಾಯಿ ತುದಿಗೆ ಬಂದಿತ್ತು. ಇಳಿದಿದ್ದರೆ, ಇಳಿದದ್ದಕ್ಕೇ ಬದುಕಿದೆ ಎಂದು ಅವರ ದೇಹ ಕಲಿಯುತ್ತಿತ್ತು. ಟಿಎಂಟಿ ವರದಿ ಕೈಯಲ್ಲಿ ಇದ್ದದ್ದರಿಂದ ಧೈರ್ಯ ಮಾಡಿದೆ. ಇಲ್ಲದಿದ್ದರೆ ಮಾಡುತ್ತಿರಲಿಲ್ಲ, ಯಾರೂ ಮಾಡಬಾರದು. ಮೆಟ್ಟಿಲ ಮೇಲೆ ಕೂತೆವು. ನಾಡಿ ಎಣಿಸಿದರು: 148. ವಯಸ್ಸನ್ನು 220ರಲ್ಲಿ ಕಳೆದರೆ ಸಿಗುವ ಅಂದಾಜು ಮಿತಿ ಅವರಿಗೆ 172. ಲೆಕ್ಕದ ಮನುಷ್ಯನಿಗೆ ಲೆಕ್ಕವನ್ನೇ ತೋರಿಸಿದೆ. ಐದು ನಿಮಿಷಕ್ಕೆ 140. ಹತ್ತಕ್ಕೆ 126. ಬೆವರು ಗಾಳಿಗೆ ಆರಿ ಇಬ್ಬರಿಗೂ ನಡುಕ. ಇಪ್ಪತ್ತಮೂರಕ್ಕೆ 96. ಪುಸ್ತಕ ತೆಗೆದು, ನಡುಗುವ ಅಕ್ಷರದಲ್ಲಿ ಷರಾ ಬರೆದರು: "ಸತ್ತಿಲ್ಲ."

ಉಳಿದ ಮೆಟ್ಟಿಲು ಹತ್ತಿ ಗದ್ದುಗೆಗೆ ಕೈಮುಗಿದು ಬಂದೆವು. ಅಲ್ಲಿಂದ ಮುಂದೆ ರಾತ್ರಿಯ ಜೀಪು ಹೊರಡಲಿಲ್ಲ.

ಚಂದದ ಅಂಕಿಗಳು

ಫೆಬ್ರವರಿಯ ಪುಟಗಳು ನೋಡಲು ಚಂದ. ಭಯದ ಕಾಲಮ್ಮಿನಲ್ಲಿ 3, 2, 1, ಆಮೇಲೆ ಸಾಲಾಗಿ ಸೊನ್ನೆ. ಕ್ವಾರ್ಟರ್ ಬಿಟ್ಟಿದ್ದರು. ನಿದ್ದೆ ಐದು ಗಂಟೆಗೆ ಬಂದಿತ್ತು. ಪಿಎಚ್‌ಕ್ಯೂ-9 ಅಂಕ 11. ಗಿರಿಗೆ ವಾರಕ್ಕೊಂದು ದಿನ ಹೋಗುತ್ತಿದ್ದವರು ಎರಡು ದಿನ, ಮೂರು ದಿನ, ಕೊನೆಗೆ ದಿನಾ ಬೆಳಗ್ಗೆ ತೋಟದ ಹಿಂದಿನ ಕಾಲುದಾರಿಯಲ್ಲಿ ಏರತೊಡಗಿದರು. ನಾನು ಒಳಗೊಳಗೇ ಬೀಗಿದೆ. ಮನೋವೈದ್ಯರಿಗೆ ಆ ಪುಟದ ಫೋಟೋ ತೆಗೆದು ಕಳಿಸಿದ್ದೂ ಉಂಟು.

ಷರಾ ಕಾಲಮ್ಮು ಪೂರ್ತಿ ಖಾಲಿ ಇತ್ತು. ಅದನ್ನು ನಾನು ನೋಡಲಿಲ್ಲ.

ತಿಂಗಳ ಕೊನೆಗೆ ವರ್ಷದ ತಿಥಿ. ನೆಂಟರು ಬಂದಿದ್ದರು, ಎಡೆ ಇಡಲು ಅಡುಗೆಯಾಗಿತ್ತು. ರೈಟರು ಬೆಳಗಿನ ಜಾವ ಐದಕ್ಕೆ ಎದ್ದು ಹೋದವರು ಮಧ್ಯಾಹ್ನ ಒಂದೂವರೆಗೆ ಬಂದರು. ಅಷ್ಟು ಹೊತ್ತಿಗೆ ಅಳಿಯನ ಕೈಯಲ್ಲಿ ಎಡೆ ಇಡಿಸಿ ಮುಗಿಸಿದ್ದರು. ಆ ದಿನದ ಸಾಲು ಪುಸ್ತಕದಲ್ಲಿ ಹೀಗಿದೆ: ನಾಡಿ 124, ಭಯ 0, 6 ನಿಮಿಷ.

ಮರುದಿನ ಅವರ ಹೆಂಡತಿ ನನಗೆ ಫೋನ್ ಮಾಡಿದರು. ಅದುವರೆಗೆ ಅವರ ಜೊತೆ ಎರಡು ಸಲ ಮಾತಾಡಿದ್ದೆ, ಎರಡೂ ಸಲ ಮಾತ್ರೆ ತಗೊಳ್ಳುತ್ತಾರಾ ಎಂದು ಕೇಳಲು. "ಮುಂಚೆ ಕುಡಿದಾದ್ರೂ ಮನೇಲಿ ಬಿದ್ದಿರೋರು. ಈಗ ಅದೂ ಇಲ್ಲ. ನಿಮ್ಮ ಬೆಟ್ಟ ನನ್ನ ಗಂಡನ್ನೂ ತಗೊಂಡು ಹೋಯ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಬೈಕಿನ ಮಾತು ಹೊರಬಂದದ್ದು ಆ ಫೋನಿನಲ್ಲಿ. ಸಾಲ ಯಾರು ಮಾಡಿದ್ದು, ಬೇಡ ಎಂದವರು ಯಾರು, ಹೆಣ ಮನೆಗೆ ಬಂದ ರಾತ್ರಿ ಆಕೆ ಏನೆಂದು ಕಿರುಚಿದರು, ಅದಾದ ಮೇಲೆ ಒಂದು ವರ್ಷ ಇಬ್ಬರೂ ಊಟ ಆಯ್ತಾ, ಬಿಸಿನೀರು ಕಾದಿದೆ ಎಂಬುದರ ಆಚೆಗೆ ಮಾತೇ ಆಡಿಲ್ಲ ಎಂಬುದು. ಅವರು ಎದೆಬಡಿತಕ್ಕೆ ಹೆದರುವುದನ್ನು ಬಿಟ್ಟಿದ್ದು ನಿಜ, ನಾನು ಅಳೆದದ್ದೂ ಅದನ್ನೇ. ಮನೆಗೆ ಹೆದರುವುದು ಹಾಗೇ ಇತ್ತು, ಅದಕ್ಕೆ ಕಾಲಮ್ಮೇ ಇರಲಿಲ್ಲ. ಕ್ವಾರ್ಟರ್ ಅಷ್ಟು ಸಲೀಸಾಗಿ ಬಿಟ್ಟುಹೋದದ್ದು ಯಾಕೆ ಎಂದು ನಾನು ಆಗಲೇ ಅನುಮಾನಿಸಬೇಕಿತ್ತು. ಅದು ಮಾಡುತ್ತಿದ್ದ ಕೆಲಸವನ್ನು ಬೆಟ್ಟ ವಹಿಸಿಕೊಂಡಿತ್ತು.

ಹೊಸ ಕರಾರು

ಬೆಟ್ಟವನ್ನು ಪೂರ್ತಿ ನಿಲ್ಲಿಸಿಬಿಡೋಣವೇ ಎಂದು ಮನೋವೈದ್ಯರ ಜೊತೆ ಚರ್ಚಿಸಿದೆ. ನಿಲ್ಲಿಸಿದರೆ ಕ್ವಾರ್ಟರ್ ವಾಪಸ್ ಬರುವುದು ಖಾತ್ರಿ ಎಂದರು ಅವರು. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಎಂಬ ಸಂಶೋಧಕರು 1999ರಲ್ಲಿ ಬರೆದ ಮಾತು ನೆನಪಾಯಿತು: ಸಾವು ಕಂಡ ಮನಸ್ಸು ಎರಡು ದಿಕ್ಕಿಗೆ ಓಡಾಡುತ್ತಿರುತ್ತದೆ, ಒಮ್ಮೆ ಹೋದವರ ಕಡೆಗೆ, ಒಮ್ಮೆ ಉಳಿದ ಬದುಕಿನ ಕೆಲಸಗಳ ಕಡೆಗೆ. ದುಃಖದಿಂದ ತುಸು ಹೊತ್ತು ತಪ್ಪಿಸಿಕೊಳ್ಳುವುದು ಕೆಟ್ಟದ್ದಲ್ಲ, ಆ ಓಡಾಟ ನಿಂತುಹೋಗುವುದು ಕೆಟ್ಟದ್ದು. ರೈಟರು ಒಂದೇ ಕಡೆ ನಿಂತುಬಿಟ್ಟಿದ್ದರು, ಮೇಲೆ.

ಕರಾರು ಸರಳ ಇತ್ತು. ಗಿರಿ ವಾರಕ್ಕೆ ಒಂದೇ ದಿನ. ಹೋದ ದಿನ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಗಂಡಹೆಂಡತಿ ಜಗಲಿಯಲ್ಲಿ ಕೂರಬೇಕು. ಮಾತಾಡದಿದ್ದರೂ ಸರಿ, ಎದ್ದು ಹೋಗುವಂತಿಲ್ಲ. ಷರಾ ಖಾಲಿ ಬಿಡುವಂತಿಲ್ಲ. ರೈಟರು ಒಪ್ಪಿದರು. ಹೆಂಡತಿ ಒಪ್ಪಲಿಲ್ಲ. "ಒಂದು ವರ್ಷ ಸುಮ್ನಿದ್ದೋರ ಜೊತೆ ಅರ್ಧ ಗಂಟೆ ಕೂತು ನಾನೇನು ಜಪ ಮಾಡ್ಲಾ?" ಅದೂ ನ್ಯಾಯವೇ. ಮಾರ್ಚ್‌ನ ಮೊದಲ ಮೂರು ವಾರ ಅವರು ಒಳಗೆ ಟಿವಿ ಮುಂದೆ, ಇವರೊಬ್ಬರೇ ಜಗಲಿಯಲ್ಲಿ. ಷರಾ: "ಕೂತೆ." "ಕೂತೆ." "ಕೂತೆ. ಕಾಫಿ ತಂದು ಇಟ್ಟು ಹೋದಳು."

ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ್ದ ಏಪ್ರಿಲ್‌ನ ಒಂದು ದಿನ, ಆಕೆ ತಾವಾಗಿಯೇ ಸೀತಾಳಯ್ಯನಗಿರಿಯ ದೇವಸ್ಥಾನದವರೆಗೆ ಬರುತ್ತೇನೆ ಎಂದರು. ಜೀಪಿನಲ್ಲಿ ಹೋದೆವು. ಪೂಜೆ ಮುಗಿಸಿ ಇಬ್ಬರೂ ಬಂಡೆಯ ಮೇಲೆ ಕೂತರು. ನಾನು ಕಣಿವೆ ನೋಡುವ ನೆಪದಲ್ಲಿ ದೂರ ಹೋದೆ, ಮಂಜು ಮುಸುಕಿ ಕಣಿವೆ ಕಾಣುತ್ತಲೇ ಇರಲಿಲ್ಲ. ನಲವತ್ತು ನಿಮಿಷ. ಒಂದು ಸಲ ಆಕೆಯ ದನಿ ಏರಿದ್ದು ಕೇಳಿತು, ಆಮೇಲೆ ಇವರು ಅಳುವುದು ಕೇಳಿತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಎಂದು ಆಮೇಲೆ ಗೊತ್ತಾಯಿತು. ಏನು ಮಾತಾಡಿದರು ಎಂದು ನಾನು ಕೇಳಿಲ್ಲ. ಷರಾ: "ಗಾಡಿ ವಿಷಯ ಮಾತಾಡಿದೆವು."

ಮಳೆಗಾಲ

ಆರಿದ್ರೆ ಮಳೆ ಹಿಡಿದ ಮೇಲೆ ಗಿರಿ ಇಲ್ಲ. ಮಂಜು, ಜಾರುವ ದಾರಿ, ಇಂಬಳ. ಮೇ ತಿಂಗಳಲ್ಲಿ 9ಕ್ಕೆ ಇಳಿದಿದ್ದ ಅಂಕ ಪುಷ್ಯ ಮಳೆಯ ಹೊತ್ತಿಗೆ 14 ಆಯಿತು. ರೈಟರಿಗೆ ಎಲ್ಲ ಮೊದಲಿಂದ ಶುರುವಾಯಿತು ಎಂಬ ಹೆದರಿಕೆ. ಮನೋವೈದ್ಯರು ಮಾತ್ರೆಯ ಪ್ರಮಾಣ ತುಸು ಏರಿಸಿದರು. ನಾನು ಹೆಚ್ಚೇನೂ ಮಾಡಲಿಲ್ಲ. ಛತ್ರಿ ಹಿಡಿದು ಮೇಲಿನ ಗೇಟಿನವರೆಗೆ ಹೋಗಿ ಬನ್ನಿ ಎಂದೆ.

ಕೆಲಸ ಮಾಡಿದ್ದು ಬೂಷ್ಟು. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿಟ್ಟ ಕೋಣೆಗೆ ಆಗುವ ಗತಿ ಎಲ್ಲರಿಗೂ ಗೊತ್ತು. ವರ್ಷದಿಂದ ಯಾರೂ ತೆರೆಯದ ಮಗನ ಕೋಣೆಯಿಂದ ವಾಸನೆ ಬರತೊಡಗಿತು. ಬಾಗಿಲು ತೆಗೆದರೆ ಬಟ್ಟೆ, ಬೆಲ್ಟು, ಚಾರಣದ ಶೂ, ಎಲ್ಲದರ ಮೇಲೂ ಬಿಳಿ ಬೂಷ್ಟು. ಎರಡು ವಾರ ಗಂಡಹೆಂಡತಿ ಕೂತು ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರು. ಬಟ್ಟೆಗಳಲ್ಲಿ ಕೆಲವು ಅಳಿಯನಿಗೆ, ಕೆಲವು ತೋಟದ ಆಳುಗಳ ಲೈನ್ ಮನೆಯ ಹುಡುಗರಿಗೆ ಹೋದವು. ಶೂ ಅಪ್ಪನ ಕಾಲಿಗಿಂತ ಒಂದು ನಂಬರ್ ದೊಡ್ಡದು. ಯಾರಿಗೂ ಕೊಟ್ಟಿಲ್ಲ, ಹಾಕಿಕೊಂಡೂ ಇಲ್ಲ.

ಈ ಹದಿನೈದು ದಿನಕ್ಕೆ ನಾನು ಯಾವ ಶ್ರೇಯಸ್ಸನ್ನೂ ತೆಗೆದುಕೊಳ್ಳಲಾರೆ. ಜಗಲಿಯ ಅರ್ಧ ಗಂಟೆ ಮುಂಚೆ ಇಲ್ಲದಿದ್ದರೆ ಆ ಬಾಗಿಲನ್ನು ಇಬ್ಬರೂ ಸೇರಿ ತೆಗೆಯುತ್ತಿರಲಿಲ್ಲ ಎಂದು ಮಾತ್ರ ಅನಿಸುತ್ತದೆ.

ದೇವಿರಮ್ಮನ ಬೆಟ್ಟ

ಮಲ್ಲೇನಹಳ್ಳಿ ಬಿಂಡಿಗದ ದೇವಿರಮ್ಮನ ಬೆಟ್ಟ ಹತ್ತಲು ಬಿಡುವುದು ವರ್ಷಕ್ಕೊಮ್ಮೆ, ದೀಪಾವಳಿಯ ನರಕ ಚತುರ್ದಶಿಯ ಹೊತ್ತಿಗೆ. ರಾತ್ರಿಯಿಂದಲೇ ಸಾವಿರಾರು ಜನ ಬರಿಗಾಲಲ್ಲಿ ಏರುತ್ತಾರೆ. ತುದಿಯಲ್ಲಿ ಹಚ್ಚುವ ದೀಪೋತ್ಸವದ ಬೆಂಕಿಗೆ ಕಟ್ಟಿಗೆ, ತುಪ್ಪ, ಬಟ್ಟೆ ಹೊತ್ತೊಯ್ಯುತ್ತಾರೆ. ಆ ಬೆಂಕಿಯನ್ನು ದೂರದಿಂದ ಕಂಡು ಸುತ್ತಲ ಊರುಗಳ ಹೆಂಗಸರು ಮನೆಯ ಮುಂದೆ ಆರತಿ ಎತ್ತುತ್ತಾರೆ. ರೈಟರ ಹೆಂಡತಿ ಮದುವೆಯಾದಾಗಿನಿಂದ ಹೋಗುತ್ತಿದ್ದವರು, ಹಿಂದಿನ ವರ್ಷ ಸೂತಕದ ಮನೆ ಎಂದು ಹೋಗಿರಲಿಲ್ಲ. "ನಿಮ್ಮ ಗಿರಿ ನನಗೆ ಬೇಡ. ನನ್ನ ಬೆಟ್ಟಕ್ಕೆ ಅವರು ಬರ್ಲಿ" ಎಂದರು. ಇದಕ್ಕಿಂತ ಒಳ್ಳೆಯ ಚಿಕಿತ್ಸಾ ಯೋಜನೆ ನನ್ನಲ್ಲಿ ಇರಲಿಲ್ಲ.

ನಾನು ಹೋಗಲಿಲ್ಲ, ಈ ಸಲ ಯೋಚಿಸಿಯೇ. ನಡೆದದ್ದನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಹಿಂದಿನ ದಿನ ಮಳೆ ಬಿದ್ದು ದಾರಿ ಕೆಸರು. ಕಟ್ಟಿಗೆ ಹೊರೆ ರೈಟರ ಹೆಗಲ ಮೇಲೆ. ಮುಕ್ಕಾಲು ಏರುವಷ್ಟರಲ್ಲಿ ಆಕೆಯ ಮಂಡಿ ಹಿಡಿದುಕೊಂಡಿತು. ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ ಎಂದರು ಆಕೆ. ರೈಟರು ಹೋಗಲಿಲ್ಲ. ಹಿಂದೆ ಬರುತ್ತಿದ್ದ ಹುಡುಗರ ಗುಂಪೊಂದನ್ನು ನಿಲ್ಲಿಸಿ, ಅದರಲ್ಲೊಬ್ಬನ ಹೆಗಲಿಗೆ ಹೊರೆ ಏರಿಸಿ, ನಮ್ಮ ಹೆಸರಲ್ಲಿ ಹಾಕಿಬಿಡಪ್ಪ ಎಂದು ಹೇಳಿ, ಹೆಂಡತಿಯ ಕೈ ಹಿಡಿದು ಇಳಿದರು. ಇಳಿಯಲು ನಾಲ್ಕು ಗಂಟೆ ಹಿಡಿಯಿತಂತೆ. ನಾಡಿ ಎಣಿಸಿಲ್ಲ. ಸಂಜೆ ತೋಟದ ಮನೆಯ ಅಂಗಳದಿಂದ ಬೆಂಕಿ ಕಂಡಿತು, ಆರತಿ ಎತ್ತಿದರು.

ಏನು ಕೆಲಸ ಮಾಡಿತು

ನವೆಂಬರ್‌ನ ಕೊನೆಯ ಭೇಟಿಯಲ್ಲಿ ಅಂಕ 6. ಮಾತ್ರೆ ಇನ್ನೂ ನಡೆಯುತ್ತಿದೆ, ಯಾವಾಗ ಇಳಿಸುವುದು ಎಂಬುದು ಮನೋವೈದ್ಯರ ತೀರ್ಮಾನ.

ಬೆಟ್ಟವೇ ಗುಣ ಮಾಡಿತು ಎಂದು ನಾನು ಹೇಳಲಾರೆ. ಒಂದೇ ಕಾಲದಲ್ಲಿ ಮಾತ್ರೆ ಇತ್ತು, ಮಾತು ಇತ್ತು, ಕುಡಿತ ನಿಂತಿತ್ತು, ವರ್ಷ ಒಂದು ಉರುಳಿತ್ತು. ವ್ಯಾಯಾಮದಿಂದ ಖಿನ್ನತೆ ತಗ್ಗುವ ಬಗ್ಗೆ ಸಾಕ್ಷ್ಯ ಗಟ್ಟಿಯಾಗುತ್ತಿದೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯೊಂದು 218 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ನಡಿಗೆ, ಓಟ, ಯೋಗ, ಭಾರ ಎತ್ತುವುದು ಇವಕ್ಕೆಲ್ಲ ಮಧ್ಯಮ ಮಟ್ಟದ ಪರಿಣಾಮ ಇದೆ ಎಂದಿತು. ಅದು ಖಿನ್ನತೆಯ ಮಾತು. ಮಗನನ್ನು ಕಳೆದುಕೊಂಡ ಅಪ್ಪ ಮನೆಯೊಳಗೆ ಕಾಲಿಡಲು ಹೆದರುವುದಕ್ಕೆ ಎಷ್ಟು ಮೀಟರ್ ಏರಬೇಕು ಎಂದು ಅದರಲ್ಲಿ ಇಲ್ಲ.

ಇನ್ನೊಬ್ಬರು ಹೀಗೇ ಬಂದರೆ ನಾನು ಏನು ಬೇರೆ ಮಾಡುತ್ತೇನೆ? ಹೃದಯ ತಪಾಸಣೆ ಮತ್ತು ಸಾವಿನ ಯೋಚನೆಯ ಪ್ರಶ್ನೆ, ಎರಡೂ ಆಗುವವರೆಗೆ ಏರಿನ ಮಾತೆತ್ತುವುದಿಲ್ಲ. ಅದನ್ನು ಈ ಸಲವೂ ಮಾಡಿದ್ದೆ. ಅಪರಿಚಿತರ ಗುಂಪಿಗೆ ಸೇರಿಸುವುದಿಲ್ಲ. ಮನೆಯವರನ್ನು ಮೊದಲ ತಿಂಗಳಲ್ಲೇ, ಮಾತ್ರೆ ವಿಷಯಕ್ಕಲ್ಲದೆ ಅವರ ವಿಷಯಕ್ಕೇ, ಕೂರಿಸಿ ಕೇಳುತ್ತೇನೆ. ಅಂಕಿಗಳು ಬಹಳ ಬೇಗ ಚಂದವಾದರೆ ಷರಾ ಕಾಲಮ್ಮು ನೋಡುತ್ತೇನೆ. ಆ ತಿರುವಿನ ರಸ್ತೆಯಲ್ಲಿ ರೈಟರು ಇವತ್ತಿಗೂ ಹೋಗುವುದಿಲ್ಲ, ಆರು ಕಿಲೋಮೀಟರ್ ಸುತ್ತಿ ಪೇಟೆಗೆ ಬರುತ್ತಾರೆ. ಅದನ್ನೂ ಮುಗಿಸಬೇಕು ಎಂದು ನನಗೆ ಮೊದಲಾಗಿದ್ದರೆ ಅನಿಸುತ್ತಿತ್ತು. ಈಗ ಕೇಳುವುದಿಲ್ಲ.

ಆ ಕೊನೆಯ ಭೇಟಿಯಲ್ಲಿ ಅವರೊಂದು ಬೇಡಿಕೆ ಇಟ್ಟರು. ಕೊಯ್ಲು ಶುರುವಾಗಿದೆ, ಔಷಧಿ ಕೋಣೆಯ ಕೀ ವಾಪಸ್ ಕೊಡಿಸಿ, ಮೇಸ್ತ್ರಿ ದಾಸ್ತಾನು ಸರಿಯಾಗಿ ಬರೆಯುವುದಿಲ್ಲ ಎಂದರು. ನಾನು ಕೂಡಲೇ ಹೂಂ ಎನ್ನಲಿಲ್ಲ. ಮನೋವೈದ್ಯರನ್ನು ಕೇಳಿದೆ, ಸಾಹುಕಾರರನ್ನು ಕೇಳಿದೆ, ಕೊನೆಗೆ ಅವರ ಹೆಂಡತಿಯನ್ನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಬೀಗ ಹಾಕ್ಸಿ. ಒಂದರ ಕೀ ಅವರಿಗೆ, ಒಂದರದ್ದು ನನಗೆ" ಎಂದರು. ಹಾಗೇ ಆಗಿದೆ. ಸ್ಟಾಕ್ ತೆಗೆಯುವ ದಿನ ಇಬ್ಬರೂ ಒಟ್ಟಿಗೆ ಹೋಗಿ ಬಾಗಿಲು ತೆಗೆಯುತ್ತಾರೆ.